ಮೈಯೊಳಗೆ ಹಾಕಿದ ಗಂಜಿ

ಇವತ್ತು ಮಾಡಿದ ಕೆಲಸ: ಬೆಳಿಗ್ಗೆ ನಲ್ಲಿ ಬಂದಿತ್ತು, ಡ್ರಮ್ಮು ತುಂಬಿಸಿ ಬಾಯಿಗೆ ಬಟ್ಟೆ ಕಟ್ಟಿದೆ. ಅಂಗಳ ತೊಳೆದೆ. ಜೋಳದ ಹಿಟ್ಟು ಸಾಣಿಸಿದೆ. ಹೀರೇಕಾಯಿ ಹೆರೆದು ಸಿಪ್ಪೆಯನ್ನು ಚಟ್ನಿಗೆಂದು ಎತ್ತಿಟ್ಟೆ. ಮಗಳು ಪ್ರಜ್ಞಾಳ ಡಬ್ಬಿ ಕಟ್ಟಿದೆ. ಅವಳು ತುರ್ವಿಹಾಳದ ಶಾಲೆಯಲ್ಲಿ ಮೇಷ್ಟ್ರು ಕೆಲಸ ಮಾಡುತ್ತಾಳೆ. ಬಸ್ಸಿಗೆ ಓಡುವ ಗಡಿಬಿಡಿಯಲ್ಲಿ ಮರೆತ ಕೊಡೆಯನ್ನು ಓಣಿಯ ತುದಿವರೆಗೆ ಒಯ್ದು ಕೊಟ್ಟೆ. ಗೋಡೆಯ ಮೇಲಿನ ಬುದ್ಧನ ಫೋಟೋ ಒರೆಸಿದೆ. ಗುಳಿಗೆ ನುಂಗಿದೆ. ಬೆನ್ನಿಗೆ ಎಣ್ಣೆ ಹಚ್ಚಿಸಿಕೊಂಡೆ. ಆಮೇಲೆ ಅನ್ನ ಬಸಿದೆ. ಗಂಜಿಯನ್ನು ಚೆಲ್ಲಲಿಲ್ಲ.

ಈ ಕಡೆಯ ಕೆಲಸವನ್ನು ಬರೆಯುವುದಕ್ಕಾಗಿಯೇ ಹಿಂದಿನವನ್ನೆಲ್ಲ ಬರೆದೆ. ಕಾಯಿಲೆ ಬಿದ್ದ ಮೇಲೆ ನಾನು ಗಂಜಿಯನ್ನು ಮೋರಿಗೆ ಚೆಲ್ಲುತ್ತಿದ್ದೆ, ಚೆಲ್ಲುವಾಗ ಮುಖ ಆಚೆ ತಿರುಗಿಸುತ್ತಿದ್ದೆ. ಇವತ್ತು ಅದನ್ನು ತೆಳುವಾದ ಬಟ್ಟೆಯಲ್ಲಿ ಸೋಸಿ, ಬಕೆಟ್ಟಿಗೆ ಹಾಕಿ, ಒಂದು ಸೀರೆ ಅದ್ದಿದೆ. ಅದು ನನ್ನ ಹಳೆಯ ಕಸುಬು. ಮಸ್ಕಿಯಲ್ಲಿ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಸೀರೆಗೆ ಗಂಜಿ ಹಾಕುವ ಸುಜಾತಕ್ಕನ ಮನೆ ತೋರಿಸುತ್ತಾರೆ. ಇಳಕಲ್ ಸೀರೆ, ಮಾಸ್ತರುಗಳ ಬಿಳಿ ಅಂಗಿ, ಸಿಂಧನೂರು ಕಡೆ ನಿರಾಶ್ರಿತರಿಗೆಂದು ಕಟ್ಟಿದ ಆರ್.ಎಚ್. ಕ್ಯಾಂಪಿನ ಬಂಗಾಲಿ ಹೆಂಗಸರ ಹತ್ತಿ ಸೀರೆ, ಎಲ್ಲವೂ ನನ್ನ ಕೈಯಿಂದ ಹಾದುಹೋಗಿವೆ. ನಮ್ಮ ಮನೆಯವರು ಕಾಲುವೆ ಕಚೇರಿಯಲ್ಲಿ ಗುಮಾಸ್ತರು. ಹೆಸರು ಭೀಮರಾಯ, ನಾನು ಇಲ್ಲಿ 'ಇವರು' ಎಂದೇ ಬರೆಯುತ್ತೇನೆ, ರೂಢಿ ಹಾಗಿದೆ.

ನನ್ನಂಥದೇ ತಕಲೀಫು ಇನ್ನೊಬ್ಬರಿಗೆ ಬಂದು, ಹೇಳಿದರೆ ಯಾರೂ ನಂಬುವುದಿಲ್ಲವೆಂದು ಬಾಯಿ ಮುಚ್ಚಿಕೊಂಡು ಕುಳಿತಿದ್ದರೆ, ಅವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮದುವೆಗಳ ಕಾಲ. ಮಾಳಿಗೆಯ ಮೇಲೆ ಸೀರೆ ಹಾಕುವಾಗ, ಹರಿದು ಬಿದ್ದಿದ್ದ ತಂತಿಯ ತುಂಡು ಅಂಗಾಲಿಗೆ ಚುಚ್ಚಿತು. ಅರಿಶಿನ ಹಚ್ಚಿ ಚಿಂದಿ ಸುತ್ತಿಕೊಂಡೆ. ಕೈಯಲ್ಲಿ ಕೆಲಸ ಬಹಳ ಇತ್ತು, ಕಾಲು ನೋಡುತ್ತಾ ಕೂರಲಾಗಲಿಲ್ಲ. ಕಾಲು ಊದಿತು, ಕೆಂಪು ಮೀನಖಂಡದವರೆಗೆ ಏರಿತು, ಒಂದು ಮಧ್ಯಾಹ್ನ ಬಿರುಬಿಸಿಲಿನಲ್ಲಿ ನಾನು ಕೌದಿ ಹೊದ್ದುಕೊಂಡು ನಡುಗುತ್ತಿದ್ದೆ. ಇವರು ಕಚೇರಿಯಿಂದ ಬಂದು ಹಣೆ ಮುಟ್ಟಿ ನೋಡಿ, ಮಾತಾಡದೆ ಹೊರಗೆ ಹೋಗಿ ಗಾಡಿ ತಂದರು. ಸಿಂಧನೂರಿನ ರಸ್ತೆಯ ಎರಡೂ ಕಡೆ ಭತ್ತದ ಗದ್ದೆಗಳಲ್ಲಿ ನೀರು ನಿಂತಿತ್ತು. ಆ ನೀರು ರಸ್ತೆಗಿಂತ ಎತ್ತರದಲ್ಲಿ ನಿಂತಿರುವ ಹಾಗೆ ನನಗೆ ಕಂಡಿತು. ಅದನ್ನು ಹೇಳಿದೆನೋ ಇಲ್ಲವೋ ಗೊತ್ತಿಲ್ಲ.

ಸಿಂಧನೂರಿನ ಆಸ್ಪತ್ರೆಯಲ್ಲಿ ನನಗೆ ನೆನಪಿರುವುದು ಸ್ವಲ್ಪ. ತಣ್ಣಗಿನ ಮಂಚ. ಡಾಕ್ಟರು ಯಾರಿಗೋ "ಬಿ.ಪಿ. ಸಿಗವಲ್ದು, ಇನ್ನೊಂದು ಏರಸ್ರಿ" ಅಂದದ್ದು. ತಲೆಯ ಮೇಲೆ ತೂಗುತ್ತಿದ್ದ ಬಾಟಲಿ, ಅದರೊಳಗೆ ಬರೀ ನೀರಿನ ಹಾಗೆ ತಿಳಿಯಾದದ್ದು. ರಕ್ತಕ್ಕೆ ನಂಜೇರಿದೆ ಎಂದು ಇವರಿಗೆ ಹೊರಗೆ ಹೇಳಿದ್ದರಂತೆ.

ಇನ್ನೊಂದು ನೆನಪಿದೆ. ಕಾಲ್ದೆಸೆಯಲ್ಲಿ ಹೆಂಗಸರು ನಿಂತಿದ್ದರು. ಸೆರಗು ಮುಖದ ಮುಂದೆ ಎಳೆದುಕೊಂಡಿದ್ದರು, ಎಲ್ಲರ ಸೀರೆಗೂ ದಪ್ಪ ಗಂಜಿ. ಅವರು ಕಾಲು ಬದಲಿಸಿ ನಿಂತಾಗೆಲ್ಲ ಸರಸರ ಎಂಬ ಸದ್ದು ಬರುತ್ತಿತ್ತು. ನನ್ನ ಮನೆಯ ಬಾಗಿಲಲ್ಲಿ ನಿಲ್ಲುವ ಗಿರಾಕಿಗಳ ಹಾಗೆಯೇ ತಾಳ್ಮೆಯಿಂದ ನಿಂತಿದ್ದರು. ನಡುನಡುವೆ ಒಬ್ಬಳು ಕೇಳುತ್ತಿದ್ದಳು: "ನಮ್ಮದು ಆತೇನ್ರೀ?"

ಆಗಿಲ್ಲ ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ.

ಬಿ.ಪಿ. ನಿಂತಿತು. ಜ್ವರ ಇಳಿಯಿತು. ಉಚ್ಚೆ ನಿಂತುಹೋಯಿತು. ಅದನ್ನು ಹೀಗೆ ನೇರವಾಗಿ ಬರೆಯಲು ನಾಚಿಕೆ ಎನಿಸುತ್ತಿತ್ತು, ಈಗಿಲ್ಲ. ಮಂಚದ ಪಕ್ಕ ನಳಿಗೆ ಜೋಡಿಸಿದ ಚೀಲವನ್ನು ನರ್ಸಮ್ಮ ಎತ್ತಿ ಬೆಳಕಿಗೆ ಹಿಡಿದು ನೋಡಿ ಕೆಳಗಿಡುವಳು. ಆ ಚೀಲದಲ್ಲಿ ಏನಾದರೂ ಬಿತ್ತೇ ಎಂದು ಇವರು ಬಗ್ಗಿ ನೋಡುವುದು, ನಾನು ಇವರ ಮುಖ ನೋಡುವುದು. ಕಿಡ್ನಿ ಕೈಕೊಟ್ಟಿವೆ, ರಕ್ತ ತೊಳೆಯುವ ಯಂತ್ರಕ್ಕೆ ಹಾಕಬೇಕು ಎಂದರು. ಮಸ್ಕಿಯವರಿಗೆ ಒಂದು ಕಡೆ ಸಿಂಧನೂರು, ಇನ್ನೊಂದು ಕಡೆ ಲಿಂಗಸುಗೂರು, ಆ ಯಂತ್ರ ಲಿಂಗಸುಗೂರಿನಲ್ಲಿತ್ತು. ನಮ್ಮ ಊರನ್ನು ದಾಟಿಕೊಂಡೇ ನನ್ನನ್ನು ಆ ಕಡೆಯಿಂದ ಈ ಕಡೆಗೆ ಒಯ್ದರು. ಗಾಡಿಯ ಕಿಟಕಿಯಿಂದ ಮಸ್ಕಿಯ ಗುಡ್ಡ ಕಂಡಿತು. ನಮ್ಮ ಮಾಳಿಗೆಯೂ ಕಾಣುತ್ತದೆ ಎಂದುಕೊಂಡು ತಲೆ ಎತ್ತಿದೆ, ಆಗಲಿಲ್ಲ.

ಆ ಮೇಲೆ ಲಿಂಗಸುಗೂರಿನ ಡಯಾಲಿಸಿಸ್ ಕೋಣೆಯ ಹೊರಗಿನ ಬೆಂಚು ನಮ್ಮ ಇನ್ನೊಂದು ಮನೆಯಾಯಿತು. ಮನೆಗೆ ಕಳಿಸಿದರು, ಆದರೆ ವಾರಕ್ಕೆರಡು ಸಲ ಬರಬೇಕು. ಎಲ್ಲರೂ ಮನೆಯಿಂದ ಚಾದರ, ಡಬ್ಬಿ ತಂದಿರುತ್ತಾರೆ. ಒಳಗೆ ಹೋಗುವ ಮೊದಲು ಬಾಗಿಲ ಬಳಿಯ ತೂಕದ ಯಂತ್ರದ ಮೇಲೆ ನಿಲ್ಲಬೇಕು. ಹೋದ ಸಲಕ್ಕಿಂತ ತೂಕ ಏರಿದ್ದರೆ ಅದು ಊಟದ್ದಲ್ಲ, ನೀರಿನದು. ಯಂತ್ರ ನೋಡಿಕೊಳ್ಳುವ ಹುಡುಗಿ ದೊಡ್ಡ ದನಿಯಲ್ಲಿ ಕೇಳುತ್ತಾಳೆ: "ಅಜ್ಜಾ, ಕಾಲುವಿ ಕುಡದು ಬಂದಿಯೇನ?" ಬೆಂಚಿನವರೆಲ್ಲ ನಗುತ್ತಾರೆ. ತಮ್ಮ ಸರದಿ ಬಂದಾಗ ಸುಮ್ಮನಾಗುತ್ತಾರೆ.

ಆ ಬೆಂಚಿನಲ್ಲಿ ಮಾಲತಿದೀದಿ ಸಿಕ್ಕಳು. ಆರ್.ಎಚ್. ಕ್ಯಾಂಪಿನ ಬಂಗಾಲಿಯವಳು, ಮುಂಚೆ ಎರಡು ಮೂರು ಸಲ ಸೀರೆ ಕೊಟ್ಟು ಹೋಗಿದ್ದಳು. ಅವಳ ಗಂಡ ನಿತಾಯಿ ಭತ್ತದ ಗದ್ದೆ ಮಾಡುವವನು. ಗದ್ದೆಯಲ್ಲಿ ಗಾಯವಾಗಿ ಅವನಿಗೂ ನಂಜೇರಿ, ಸಿಂಧನೂರಿನಲ್ಲಿ ನನ್ನ ಪಕ್ಕದ ಮಂಚದಲ್ಲೇ ಇದ್ದನಂತೆ. ನನಗೆ ನೆನಪಿರಲಿಲ್ಲ. ಅವನಿಗೆ ಚೆನ್ನಾಗಿ ನೆನಪಿತ್ತು.

ಮಾಲತಿ ಒಂದು ದಿನ ಶೇಂಗಾ ಸುಲಿಯುತ್ತಾ ಕೇಳಿದಳು: "ಸುಜಾತಕ್ಕ, ಇವ್ರು ಹೇಳ್ತಾರ, ಅಲ್ಲಿ ನಿನ್ನ ಮಂಚದ ಹತ್ರ ಭಾಳ ಹೆಂಗಸ್ರು ನಿಂತಿದ್ರಂತ. ನಿಮ್ಮ ಮನಿಯೋರಾ?"

ನಾನು ನಿತಾಯಿಯ ಕಡೆ ನೋಡಿದೆ. ಅವನು ತಲೆ ಅಲ್ಲಾಡಿಸಿ, "ಸೀರಿ ಸದ್ದು ಭಾಳ ಮಾಡ್ತಿದ್ರು. ನನಗ ನಿದ್ದಿ ಬರ್ಲಿಲ್ಲ" ಅಂದ. ದೂರಿನ ದನಿಯಲ್ಲಿ ಅಂದ.

ಸಿಂಧನೂರಿನ ಆ ಕೋಣೆಯೊಳಗೆ ಒಬ್ಬರನ್ನು ಬಿಡುವುದೇ ಕಷ್ಟವಿತ್ತು. ಇವರು ಹೊರಗೆ ಚಪ್ಪಲಿ ಬಿಟ್ಟು, ಟೊಪ್ಪಿಗೆ ಹಾಕಿಕೊಂಡು, ಸ್ವಲ್ಪ ಹೊತ್ತು ನಿಂತು ಬರುತ್ತಿದ್ದರು, ಅಷ್ಟೇ. ಬಸ್ಸಿನಲ್ಲಿ ವಾಪಸು ಬರುವಾಗ ನಾನು ಕಂಡದ್ದನ್ನೂ ನಿತಾಯಿ ಅಂದದ್ದನ್ನೂ ಇವರಿಗೆ ಹೇಳಿದೆ. ಇವರು "ಜ್ವರ ಇಬ್ಬರಿಗೂ ಇತ್ತಲ್ಲ" ಅಂದರು. ಆಮೇಲೆ ಆ ಮಾತು ಎತ್ತಲಿಲ್ಲ.

ತುರಿಕೆ ಶುರುವಾದದ್ದು ಮನೆಗೆ ಬಂದು ಕೆಲವು ವಾರಗಳ ಮೇಲೆ. ಮೊದಲು ಬೆನ್ನಿನ ನಡುವೆ, ಕೈಗೆ ಸಿಗದ ಜಾಗದಲ್ಲಿ. ಆಮೇಲೆ ಪಕ್ಕೆ, ತೊಡೆ, ಮೊಣಕೈ. ಸೊಳ್ಳೆ ಕಡಿದ ತುರಿಕೆ ಮೇಲಿನದು, ಕೆರೆದರೆ ತೃಪ್ತಿ ಇದೆ. ಇದು ಕೆಳಗಿನದು. ಚರ್ಮದ ಒಳಬದಿಯಿಂದ ಯಾರೋ ಉಗುರಿನಿಂದ ಮೆಲ್ಲಗೆ ಗೀರುತ್ತಾರೆ, ಒಂದೇ ಜಾಗದಲ್ಲಿ, ಅವಸರವಿಲ್ಲದೆ. ಮೇಲಿನಿಂದ ನಾನು ಕೆರೆದರೆ ಸ್ವಲ್ಪ ಸುಮ್ಮನಿದ್ದು, ಕೈ ತೆಗೆದ ಮೇಲೆ ಮತ್ತೆ ಗೀರುತ್ತಾರೆ. ಬಿಸಿನೀರು ಮೈಮೇಲೆ ಬಿದ್ದರೆ ಮುಗಿಯಿತು. ಸೀರೆಯ ನೆರಿಗೆ ತಾಗಿದರೂ ಸಾಕು.

ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸಿದ್ದು ಬೇರೆ: ಮೈಮೇಲೆ ಏನೂ ಇರಲಿಲ್ಲ. ಗುಳ್ಳೆ ಇಲ್ಲ, ಕೆಂಪಿಲ್ಲ, ದದ್ದಿಲ್ಲ. ನನ್ನ ಉಗುರಿನ ಗೆರೆ ಬಿಟ್ಟರೆ ಸಾಫ್ ಚರ್ಮ. ಮಗಳು ಮೊಬೈಲಿನ ಬೆಳಕು ಬಿಟ್ಟು ಬೆನ್ನು ಪೂರ್ತಿ ನೋಡಿದಳು.

"ಏನೂ ಇಲ್ಲ ಬೇ ಅವ್ವ."

"ಸರಿ ನೋಡು. ಅಲ್ಲೇ ಐತಿ, ನಿನ್ನ ಬೊಟ್ಟಿನ ಕೆಳಗ. ಈಗ ಸರೀತು."

ಅವಳು ಕೈ ಹಿಂದೆಗೆದುಕೊಂಡಳು. ನನ್ನ ಮಗಳು ನನ್ನ ಮೈಯನ್ನು ಮುಟ್ಟಲು ಅಂಜಿದ್ದು ಅದೊಂದೇ ಸಲ.

ಪಕ್ಕದ ಮನೆಯ ಬಸ್ಸಮ್ಮ ಶಿವಭಕ್ತರ ಮನೆಯವಳು, ಗುಡ್ಡದ ಗುಡಿಗೆ ಸೋಮವಾರ ತಪ್ಪಿಸುವುದಿಲ್ಲ. ಅವಳು ಬಂದು ನನ್ನ ಬೆನ್ನು ನೋಡಿ ದನಿ ತಗ್ಗಿಸಿದಳು: "ಗಾಯ ಕಾಣಂಗಿಲ್ಲ ಅಂದ್ರ ಮಾಡಿದವ್ರೂ ಕಾಣಂಗಿಲ್ಲ. ದವಾಖಾನಿಯಿಂದ ಯಾರರ ನಿನ್ನ ಬೆನ್ನ ಹತ್ತಿ ಬಂದಾರ, ಸುಜಾತಾ. ಗಾಳಿ ಇದು."

ನಮ್ಮದು ತಾಯತ, ದಾರ ಕಟ್ಟುವ ಮನೆಯಲ್ಲ. ಆದರೆ ಹೆಂಗಸರ ವಿಷಯವನ್ನು ನಾನು ಬಸ್ಸಮ್ಮನಿಗೆ ಹೇಳಿರಲಿಲ್ಲ. ಹೇಳದೆಯೇ ಅವಳು ಆ ಮಾತು ಆಡಿದಳು. ಅವಳು ತಂದ ವಿಭೂತಿ ಬೇಡ ಎನ್ನಲಾಗಲಿಲ್ಲ. ಇವರು ಬಾಗಿಲಲ್ಲಿ ನಿಂತು, "ಹಚ್ರಿ ಬಸ್ಸಮ್ಮಾರ, ಬ್ಯಾಡನ್ನಂಗಿಲ್ಲ. ಗುಳಿಗಿ ಮಾತ್ರ ಬಿಡಸಬ್ಯಾಡ್ರಿ" ಅಂದರು.

"ನಿಮಗ ದೇವ್ರ ಇಲ್ಲ, ದೆವ್ವಾನೂ ಇಲ್ಲ. ಆರಾಮ ಮನುಷಾ ನೀವು" ಅಂದಳು ಬಸ್ಸಮ್ಮ.

"ಹೆಂಡ್ತಿ ಅದಾಳಲ್ಲ, ಸಾಕು."

ನಕ್ಕೆವು. ಆದರೆ ಮಧ್ಯಾಹ್ನಗಳು ಬಹಳ ಕಷ್ಟವಾದವು. ಇವರು ಕಚೇರಿಗೆ, ಮಗಳು ಶಾಲೆಗೆ. ಕಾಯಿಲೆಗೆ ಮುಂಚೆ ಗಂಜಿ ಹಾಕಿದ್ದ, ಯಾರೂ ಒಯ್ಯದೆ ಉಳಿದ ಸೀರೆಗಳು ಒಳಕೋಣೆಯಲ್ಲಿ ಹಗ್ಗದ ಮೇಲಿದ್ದವು. ಗಂಜಿ ಹೆಚ್ಚು ಕುಡಿದ ಸೀರೆ ನೇತಾಡುವುದಿಲ್ಲ, ನಿಲ್ಲುತ್ತದೆ. ಭುಜ, ಸೊಂಟ ಇದ್ದ ಹಾಗೆ ಕಾಣುತ್ತದೆ. ಕಿಟಕಿ ಹಾಕಿರುತ್ತಿತ್ತು, ಫ್ಯಾನ್ ಇಲ್ಲ, ಕರೆಂಟ್ ಹೋಗಿರುತ್ತಿತ್ತು. ಸರಸರ ಎನ್ನುವುದು. ಎದ್ದು ಹೋಗಿ ನೋಡಿದರೆ ಯಾವುದೂ ಅಲ್ಲಾಡಿರುತ್ತಿರಲಿಲ್ಲ. ಮತ್ತೆ ಬಂದು ಕುಳಿತಾಗ ಆ ಸದ್ದು ನನ್ನ ಹತ್ತಿರವೇ ಆಯಿತು. ಮೊಣಕೈ ಮಡಿಸಿದೆ, ಬಂತು. ಬಿಡಿಸಿದೆ, ಬಂತು.

ಕೈಗೆ ಸಿಗದ ಜಾಗ ಕೆರೆಯಲು ಇವರು ಒಣಗಿದ ಮೆಕ್ಕೆಜೋಳದ ದಿಂಡು ತಂದುಕೊಟ್ಟಿದ್ದರು, ಕಾಳು ಬಿಡಿಸಿದ್ದು. ಅದರ ಒರಟು ಹಿತವಾಗಿತ್ತು. ಮಲಗುವಾಗ ಇವರು ಅದರಿಂದ ನನ್ನ ಬೆನ್ನು ತಿಕ್ಕುತ್ತಾ ತಿಕ್ಕುತ್ತಾ ತೂಕಡಿಸುವರು. ದಿಂಡು ಕೈಜಾರಿ ಹಾಸಿಗೆಯ ಮೇಲೆ ಬೀಳುವುದು. ಮನೆಯಲ್ಲಿ ನಾನೊಬ್ಬಳೇ ಎಚ್ಚರ. ಎಚ್ಚರವಿದ್ದು ಏನು ಮಾಡಿದೆ ಎಂದು ಬರೆಯುವುದಿಲ್ಲ, ಅಂಥ ಹೊತ್ತು ಕಳೆದವರಿಗೆ ಗೊತ್ತಿದೆ.

ಲಿಂಗಸುಗೂರಿನ ಕಿಡ್ನಿ ಡಾಕ್ಟರಮ್ಮ ಮೊದಲು, ಕಿಡ್ನಿಯವರಿಗೆ ತುರಿಕೆ ಇರುತ್ತದೆ ಎಂದು ಗುಳಿಗೆ ಬರೆದುಕೊಟ್ಟಿದ್ದರು. ಗುಳಿಗೆಗೆ ಅದು ಕಿವಿಗೊಡಲಿಲ್ಲ. ಒಂದು ದಿನ ಬೆಂಚಿನ ಮೇಲೆ ನಾನು ಗೋಡೆಗೆ ಬೆನ್ನು ಉಜ್ಜುತ್ತಿದ್ದೆ. ಪಕ್ಕದಲ್ಲಿ ನಿತಾಯಿಯೂ ಗೋಡೆಗೆ ಬೆನ್ನು ಉಜ್ಜುತ್ತಿದ್ದ. ಇಬ್ಬರೂ ಒಂದೇ ಸಲಕ್ಕೆ ನಿಲ್ಲಿಸಿದೆವು, ಒಂದೇ ಸಲಕ್ಕೆ ಮತ್ತೆ ಶುರು ಮಾಡಿದೆವು. ಮಾಲತಿ ನನ್ನನ್ನೂ ಅವನನ್ನೂ ನೋಡಿ ಶೇಂಗಾದ ಪೊಟ್ಟಣ ಕೆಳಗಿಟ್ಟಳು. ಡಾಕ್ಟರಮ್ಮ ಬಾಗಿಲಲ್ಲಿ ನಿಂತು ಇದನ್ನು ನೋಡಿದ್ದರು.

"ನೀವಿಬ್ಬರೂ ಒಂದೇ ಕಡೆ ಅಡ್ಮಿಟ್ ಇದ್ರಾ?" ಎಂದು ಕೇಳಿದರು. ಹೌದೆಂದೆವು. "ಅಲ್ಲಿ ಬಿ.ಪಿ. ಏರಿಸಲಿಕ್ಕೆ ಏನು ಕೊಟ್ಟಿದ್ದರು?"

ನಮಗೇನು ಗೊತ್ತು. ಅವರೇ ಸಿಂಧನೂರಿನ ಡಾಕ್ಟರಿಗೆ ಫೋನ್ ಮಾಡಿದರು, ಅಲ್ಲೇ, ನಮ್ಮ ಮುಂದೆ. ಆ ಕಡೆಯವರು ಮುಚ್ಚಿಡದೆ ಹೇಳಿದರು. ಫೋನ್ ಇಟ್ಟ ಮೇಲೆ ಡಾಕ್ಟರಮ್ಮ ಸ್ಟೂಲು ಎಳೆದುಕೊಂಡು ನಮ್ಮೆದುರು ಕುಳಿತರು. ನಿಮಗೆ ಏರಿಸಿದ್ದು ಪಿಷ್ಟದಿಂದ ಮಾಡಿದ ದ್ರವ, ಮೆಕ್ಕೆಜೋಳದಿಂದಲೋ ಆಲೂಗಡ್ಡೆಯಿಂದಲೋ ಪಿಷ್ಟ ತೆಗೆದು, ಬೇಗ ಕರಗದ ಹಾಗೆ ಕಾರ್ಖಾನೆಯಲ್ಲಿ ಬದಲಾಯಿಸಿದ್ದು ಎಂದರು. ಅದು ರಕ್ತದಲ್ಲಿ ನೀರು ಹಿಡಿದಿಡುತ್ತದೆ, ಬಿ.ಪಿ. ನಿಲ್ಲುತ್ತದೆ. ಆದರೆ ಪೂರ್ತಿ ಹೊರಗೆ ಹೋಗುವುದಿಲ್ಲ. ಅಲ್ಲಲ್ಲಿ, ಚರ್ಮದ ನರಗಳ ಹತ್ತಿರವೂ, ಕೂತುಬಿಡುತ್ತದೆ. ಕೆಲವರಿಗೆ ಅದರಿಂದ ತುರಿಕೆ, ತಿಂಗಳುಗಟ್ಟಲೆ, ವರ್ಷವೂ ಆಗಬಹುದು. ಕಿಡ್ನಿಗೂ ಒಳ್ಳೆಯದಲ್ಲ.

ಮಾಲತಿಗೆ ಅರ್ಥವಾಗಲಿಲ್ಲ. ಅವಳು ನನ್ನನ್ನು ನೋಡಿದಳು.

"ಗಂಜಿ ದೀದಿ. ನಮ್ಮ ಮೈಗೆ ಗಂಜಿ ಹಾಕ್ಯಾರ" ಅಂದೆ.

ಡಾಕ್ಟರಮ್ಮ, "ಹಾಗೇ ಅಂದ್ಕೊಳ್ಳಿ" ಅಂದರು.

ಮನೆಗೆ ಬಂದವಳೇ ಆ ಮೆಕ್ಕೆಜೋಳದ ದಿಂಡನ್ನು ಒಲೆಗೆ ಹಾಕಿದೆ. ಉರಿಯುವುದನ್ನು ಪೂರ್ತಿ ನೋಡಿದೆ.

ಇನ್ನು ನಾನು ಮಾಡಿದ್ದನ್ನು ಹೇಳುತ್ತೇನೆ. ಆ ದಿನಗಳಲ್ಲಿ ನನಗೆ ಇಡೀ ದಿನಕ್ಕೆ ಕುಡಿಯಲು ಒಂದು ಸಣ್ಣ ತಂಬಿಗೆ ನೀರು, ಚಹಾ ಮಜ್ಜಿಗೆ ಎಲ್ಲ ಅದರಲ್ಲೇ. ಉಚ್ಚೆ ಇನ್ನೂ ಸರಿಯಾಗಿ ಬರುತ್ತಿರಲಿಲ್ಲ, ಕುಡಿದದ್ದಕ್ಕೆ ಹೋಗಲು ದಾರಿ ಇರಲಿಲ್ಲ. ಇದನ್ನು ನನಗೆ ಮತ್ತೆ ಮತ್ತೆ ಹೇಳಿದ್ದರು. ಆದರೆ ಗಂಜಿ ಎಂಬ ಮಾತು ಕೇಳಿದ ಮೇಲೆ ನನಗೆ ಬೇರೆ ಯಾರ ಮಾತೂ ಬೇಕೆನಿಸಲಿಲ್ಲ. ಗಂಜಿಯ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದೇನಿದೆ? ಹೆಚ್ಚು ಗಂಜಿ ಕುಡಿದು ಬಿಗಿದ ಸೀರೆಯನ್ನು ಬಿಡಿಸುವುದು ಹೇಗೆಂದು ನಾನು ಎಷ್ಟೋ ಜನಕ್ಕೆ ಕಲಿಸಿದ್ದೇನೆ. ಸಾಬೂನು ಬೇಡ, ಸೋಡಾ ಬೇಡ. ಬರೀ ನೀರು. ನೆನೆಹಾಕು, ಬೆಳ್ಳಗಾದ ನೀರು ಚೆಲ್ಲು, ಮತ್ತೆ ನೆನೆಹಾಕು. ನೀರು ತಿಳಿಯಾಗುವವರೆಗೆ ಬಿಡಬೇಡ.

ಮರುದಿನ ಇಬ್ಬರೂ ಮನೆ ಬಿಟ್ಟ ಮೇಲೆ ಡ್ರಮ್ಮಿನ ಬಟ್ಟೆ ಬಿಚ್ಚಿದೆ. ತಂಬಿಗೆ ಮುಳುಗಿಸಿ ಕುಡಿದೆ. ತಂಪಾಗಿತ್ತು. ಎಷ್ಟೋ ದಿನಗಳ ದಾಹ. ಒಂದೇ ಮಧ್ಯಾಹ್ನವಲ್ಲ, ಮಾರನೆಯ ದಿನವೂ ಕುಡಿದೆ. ಕುಡಿಯುವಾಗ ಒಳಗೆ ಗೀರುವವರು ನಿಂತರು. ನೀರು ಏರುತ್ತಿದೆ ಎಂದು ಗೊತ್ತಾಗಿ ಹೆದರಿದ್ದಾರೆ ಎಂದೇ ನಾನು ತಿಳಿದೆ. ಕುಡಿಯಿರಿ ಕುಡಿಯಿರಿ ಎಂದು ಅವರಿಗೇ ಹೇಳುತ್ತಾ ಕುಡಿದೆ.

ಸಂಜೆ ಮಗಳು ಬಂದಾಗ ನಾನು ಗೋಡೆಗೆ ಒರಗಿ ಕುಳಿತಿದ್ದೆ. ಬಳೆ ಮುಂಗೈಯಲ್ಲಿ ಹೂತುಹೋಗಿದ್ದವು. ಮಲಗಿದರೆ ಉಸಿರು ಬರುತ್ತಿರಲಿಲ್ಲ. ಎದೆಯೊಳಗೆ ಗುಳುಗುಳು ಸದ್ದು. ಅವಳು ಡ್ರಮ್ಮನ್ನು ನೋಡಿದಳು, ನನ್ನನ್ನು ನೋಡಿದಳು.

"ಏನ್ ಮಾಡೀದಿ?"

"ಗಂಜಿ ಬಿಡಸಾಕತ್ತೀನಿ" ಅಂದೆ. ಮಾತು ತುಂಡು ತುಂಡಾಗಿ ಬಂತು.

ಅವಳು ಅಳಲಿಲ್ಲ. ಇವರಿಗೆ ಫೋನ್ ಹಚ್ಚಿ, ನನ್ನ ಹಿಂದೆ ಕುಳಿತು, ಬೆನ್ನನ್ನು ತನ್ನ ಎದೆಗೆ ಆನಿಸಿಕೊಂಡು ನೆಟ್ಟಗೆ ಹಿಡಿದಳು. ಲಿಂಗಸುಗೂರು ತಲುಪುವವರೆಗೆ ಹಾಗೇ ಹಿಡಿದಿದ್ದಳು. ಗಾಡಿಯಲ್ಲಿ ಕಿವಿಯ ಹತ್ತಿರ ಒಂದೇ ಮಾತು ಹೇಳಿದಳು: "ಅವ್ವಾ, ನೀ ಸೀರಿ ಅಲ್ಲ ಬೇ."

ಬಾಗಿಲಲ್ಲಿ ತೂಕದ ಯಂತ್ರದ ಮೇಲೆ ಇಬ್ಬರು ಹಿಡಿದು ನಿಲ್ಲಿಸಿದರು. ಯಂತ್ರದ ಹುಡುಗಿ ಮುಳ್ಳು ನೋಡಿದಳು. ಕಾಲುವಿ ಕುಡದಿಯೇನ ಎಂದು ಕೇಳಲಿಲ್ಲ. ಅವಳು ಸುಮ್ಮನಿದ್ದದ್ದು ನೋಡಿ ನಾನು ಸಾಯುತ್ತೇನೆಂದುಕೊಂಡೆ.

ಯಂತ್ರ ನನ್ನೊಳಗಿನ ನೀರನ್ನು ಮೆಲ್ಲಗೆ ಎಳೆಯಿತು. ಉಸಿರು ಬಂದ ಮೇಲೆ ಡಾಕ್ಟರಮ್ಮ ಪಕ್ಕದಲ್ಲಿ ನಿಂತರು. ಬಯ್ಯುತ್ತಾರೆಂದು ಕಣ್ಣು ಮುಚ್ಚಿಕೊಂಡೆ. ಅವರು, "ನನ್ನದೂ ತಪ್ಪು. ನಾನು ಅರ್ಧ ಹೇಳಿ ಕಳಿಸಿದೆ" ಅಂದರು. "ಅದು ಜೀವಕೋಶದೊಳಗೆ ಕೂತಿದೆ, ಸುಜಾತಾ. ನೀರು ಅಲ್ಲಿಗೆ ಹೋಗಿ ತೊಳೆಯೋದಿಲ್ಲ. ಈ ಯಂತ್ರವೂ ತೊಳೆಯೋದಿಲ್ಲ. ದೇಹವೇ ದಿನಾ ಸ್ವಲ್ಪ ಸ್ವಲ್ಪ ಮುರಿದು ಕಳಿಸಬೇಕು. ಕಾಯಬೇಕು."

"ಒಗ್ಯಾಕ ಬರಂಗಿಲ್ಲೇನ್ರಿ?"

"ಬರೋದಿಲ್ಲ."

ನನ್ನ ಕಸುಬಿನಲ್ಲಿ ಬಿಡಿಸಲಾಗದ ಗಂಜಿ ನಾನು ಕಂಡಿರಲಿಲ್ಲ.

ಕಾಯುವುದೇ ಚಿಕಿತ್ಸೆ ಎಂದಾದ ಮೇಲೆ ಸಣ್ಣ ಸಣ್ಣ ಉಪಕಾರಗಳು ದೊಡ್ಡವಾದವು. ತಣ್ಣೀರಿನಲ್ಲಿ ಹಿಂಡಿದ ಪಂಚೆ ಬೆನ್ನಿಗೆ. ಬಿಸಿನೀರಿನ ಸ್ನಾನ ಬಿಟ್ಟೆ. ಮಾಲತಿ ತನ್ನ ಹಳೆಯ, ಗಂಜಿ ಕಾಣದ, ನೂರು ಸಲ ಒಗೆದು ಹೂವಿನಂತಾದ ಸೀರೆ ತಂದುಕೊಟ್ಟಳು, ಅದೊಂದೇ ನನ್ನ ಮೈಗೆ ಒಗ್ಗುತ್ತಿತ್ತು. ಬಸ್ಸಮ್ಮ ವಿಭೂತಿ ಬಿಟ್ಟು ಬೇವಿನೆಣ್ಣೆ ತರತೊಡಗಿದಳು. ಅದೂ ಗುಡ್ಡದ್ದೇ ಎಂದು ಹೇಳುತ್ತಿದ್ದಳು, ನಾವು ಕೇಳಲಿಲ್ಲ.

ಒಂದು ಬೆಳಿಗ್ಗೆ ಬಚ್ಚಲಿನಿಂದ ಇವರನ್ನು ಕೂಗಿದೆ. ಇವರು ಬಿದ್ದೆನೇನೋ ಎಂದು ಓಡಿ ಬಂದರು. ಉಚ್ಚೆ ಅಳೆಯುವ ಡಬ್ಬಿ ತೋರಿಸಿದೆ, ಅರ್ಧಕ್ಕಿಂತ ಮೇಲಿತ್ತು. ಇವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲ ಬೆಳಕಿಗೆ ತಂದು ನೋಡಿದರು, ನರ್ಸಮ್ಮ ನೋಡುತ್ತಿದ್ದ ಹಾಗೆಯೇ. "ತಿಳಿ ಐತಿ ಅಲ್ಲಲೇ" ಅಂದರು. ಮುದಿಗಾಲಕ್ಕೆ ಇದಕ್ಕಾಗಿ ಕಣ್ಣಲ್ಲಿ ನೀರು ತಂದುಕೊಂಡೆವು.

ಡಯಾಲಿಸಿಸ್ ವಾರಕ್ಕೊಂದಾಯಿತು, ಆಮೇಲೆ ನಿಂತಿತು. ನನ್ನ ಕಿಡ್ನಿ ಪೂರ್ತಿಯಲ್ಲದಿದ್ದರೂ ಬಂದವು. ನಿತಾಯಿಯದು ಬರಲಿಲ್ಲ. ಯಾಕೆ ಎಂದು ಡಾಕ್ಟರಮ್ಮನಿಗೂ ಗೊತ್ತಿಲ್ಲ. ಅವನು ಈಗಲೂ ವಾರಕ್ಕೆರಡು ಸಲ ಆ ಬೆಂಚಿಗೆ ಹೋಗುತ್ತಾನೆ. ನನ್ನದು ನಿಂತ ದಿನ ಅವನು ನನ್ನ ಜಾಗದಲ್ಲಿ ತನ್ನ ಟವೆಲ್ ಇಟ್ಟು, "ಇಲ್ಲಿ ಗೋಡಿ ಒರಟ ಅದ, ಚಲೋ ಜಾಗ" ಅಂದ. ನಗಿಸಲೆಂದೇ ಅಂದ.

ಸಿಂಧನೂರಿನ ಡಾಕ್ಟರನ್ನು ಒಮ್ಮೆ ಕೇಳಲೇಬೇಕೆಂದು ನಾನೂ ಇವರೂ ಹೋದೆವು. ದಾರಿಯುದ್ದಕ್ಕೂ ಬಾಯಲ್ಲಿ ಗಟ್ಟಿ ಮಾತು ಕಟ್ಟಿಕೊಂಡಿದ್ದೆ. ನಮ್ಮ ಸರದಿ ಬಂತು. ಅವರು ನನ್ನ ಗುರುತು ಹಿಡಿದು ಎದ್ದು ನಿಂತರು. ನನ್ನ ಗಟ್ಟಿ ಮಾತು ಎಲ್ಲೋ ಹೋಯಿತು.

"ಗಂಜಿ ಯಾಕ ಹಾಕಿದ್ರಿ?" ಎಂದಷ್ಟೇ ಕೇಳಿದೆ.

ಅವರು ಕುರ್ಚಿ ಎಳೆದು ನನ್ನನ್ನು ಕೂರಿಸಿದರು. "ಅವತ್ತು ನಿಮ್ಮ ನಾಡಿ ಸಿಗತಿದ್ದಿಲ್ಲ ಅಕ್ಕಾರ. ಉಪ್ಪುನೀರಿನ ಬಾಟ್ಲಿ ಏರಿಸಿದ್ವಿ, ಸಾಲಲಿಲ್ಲ. ಇದು ರಕ್ತನಾಳದಾಗ ನಿಲ್ತದ ಅಂತ ನಾವು ಕಲ್ತದ್ದು. ನಂಜೇರಿದವ್ರಿಗೆ ಕೊಡಬ್ಯಾಡ್ರಿ, ಕಿಡ್ನಿಗೆ ಪೆಟ್ಟು ಅಂತ ಆಮೇಲೆ ಎಚ್ಚರಿಕಿ ಬಂದಿತ್ತು. ಓದಿದ್ದೆ. ಗಡಿಬಿಡ್ಯಾಗ ಕೈ ಹಳೇ ರೂಢಿಗೇ ಹೋತು."

"ಕಿಡ್ನಿ ಅದರಿಂದನ ಹೋದ್ವೇನು?" ಇವರು ಕೇಳಿದರು.

"ನಂಜೂ ಕಿಡ್ನಿ ತಿಂತದ. ಅದರಿಂದನ ಅಂತ ಎದಿ ಮುಟ್ಟಿ ಹೇಳಾಕ ಆಗಂಗಿಲ್ಲ. ಅದರಿಂದ ಅಲ್ಲ ಅಂತನೂ ಹೇಳಾಕ ಆಗಂಗಿಲ್ಲ." ಅವರು ಮೇಜಿನ ಅಂಚು ಉಜ್ಜುತ್ತಿದ್ದರು. "ಈಗ ಇಲ್ಲಿ ಅದನ್ನ ಇಡೂದಿಲ್ಲ."

ಆ ಬಾಟಲಿ ನನ್ನನ್ನು ಉಳಿಸಿತೋ, ಉಳಿದವಳಿಗೆ ಇದನ್ನು ಅಂಟಿಸಿತೋ, ಎರಡೂ ಮಾಡಿತೋ ನನಗೆ ತಿಳಿಯುವುದಿಲ್ಲ. ಹೊರಗೆ ಬರುವಾಗ ಇವರು ಬಾಗಿಲಲ್ಲಿ ತಿರುಗಿ, "ನಿತಾಯಿಯವರ ಮನಿಗೆ ಒಂದ್ಸಲ ಹೋಗಿ ಬರ್ರಿ ಡಾಕ್ಟರ್" ಅಂದರು. ಅವರು ಹೋಗಿದ್ದರಂತೆ. ಮಾಲತಿ ಚಹಾ ಕೊಟ್ಟಳಂತೆ.

ಮನೆಯಲ್ಲಿ ಇಬ್ಬರಿಗೂ ನಾನು ಬಾಯಿಪಾಠ ಮಾಡಿಸಿದ್ದೇನೆ. ಮುಂದೆ ಎಂದಾದರೂ ನನ್ನನ್ನು ಮಾತು ಬರದ ಸ್ಥಿತಿಯಲ್ಲಿ ಒಯ್ದರೆ, ಒಳಗೆ ಬಿಡುವ ಮುಂಚೆ ಹೇಳಬೇಕು: ಈಕೆಗೆ ಪಿಷ್ಟದ ಬಾಟಲಿ ಹಿಂದೆ ಕೊಟ್ಟು ಹೀಗಾಗಿದೆ, ಕೊಡಬೇಡಿ. ಮಗಳು ಹೇಳಿ ತೋರಿಸಿದಳು. ಇವರು ಪದ ತಪ್ಪಿದರು, ಮತ್ತೆ ಹೇಳಿಸಿದೆ.

ತುರಿಕೆ ಹೋಗಿಲ್ಲ, ಕಮ್ಮಿಯಾಗಿದೆ. ದೊಡ್ಡ ಹೊಲದಲ್ಲಿ ಇದ್ದವರು ಈಗ ಒಂದು ಮೂಲೆಗೆ ಸರಿದಿದ್ದಾರೆ, ಎಡ ಪಕ್ಕೆಯ ಹಿಂದೆ. ಅಲ್ಲಿ ಇದ್ದಾರೆ ಎಂಬುದು ಗೊತ್ತು.

ಇವತ್ತು ಅದ್ದಿದ ಸೀರೆ ಮಾಲತಿಯದು. ಕ್ಯಾಂಪಿನಲ್ಲಿ ದುರ್ಗಾ ಪೂಜೆ ಬರುತ್ತಿದೆ. ಅಂಚು ಕೆಂಪು, ಒಡಲು ಬಿಳಿ. "ನೀ ಹಾಕಿದ್ರಷ್ಟ ಉಡ್ತೀನಿ, ಇಲ್ಲಂದ್ರ ಹಂಗ ಇರ್ಲಿ" ಎಂದು ಇಟ್ಟು ಹೋಗಿದ್ದಳು. ಬಹಳ ದಿನ ಮುಟ್ಟದೆ ಇಟ್ಟಿದ್ದೆ. ಗಂಜಿಯಲ್ಲಿ ಕೈ ಮುಳುಗಿಸುವಾಗ ಮೊಣಕೈವರೆಗೆ ರೋಮ ನಿಂತಿತು. ಬಿಸಿ ಬಿಸಿ, ಲೋಳೆ ಲೋಳೆ, ನನಗೆ ಗೊತ್ತಿದ್ದ ಹಳೆಯ ಗಂಜಿಯೇ. ಹಿಂಡಿ, ಒಂದು ಕೊನೆ ಬಸ್ಸಮ್ಮನ ಕೈಗೆ ಕೊಟ್ಟು ಎಳೆದೆವು. ಒಳಕೋಣೆಯ ಹಳೆಯ ಸೀರೆಗಳನ್ನೂ ಹೊರಗೆ ತಂದು, ನೀರು ಚಿಮುಕಿಸಿ, ಮಾಳಿಗೆಯ ಹಗ್ಗಕ್ಕೆ ಹಾಕಿದೆ. ಬಸ್ಸಮ್ಮ ಕೆಳಗೆ ಹೋದಳು.

ಬಿಸಿಲು ನೆತ್ತಿಯ ಮೇಲಿತ್ತು, ಗಾಳಿ ಇರಲಿಲ್ಲ. ಸೀರೆಗಳು ಒಣಗುತ್ತಾ ಬಿಗಿಯುತ್ತಾ ಒಂದೊಂದಾಗಿ ನೆಟ್ಟಗಾದವು. ಸೆರಗು ಎಳೆದುಕೊಂಡ ಹಾಗೆ, ಸಾಲಾಗಿ, ಗುಡ್ಡಕ್ಕೆ ಬೆನ್ನು ಮಾಡಿ, ನನ್ನ ಕಡೆ ಮುಖ ಮಾಡಿ. ಸರಸರ ಎಂದಿತು. ನಾನು ಓಡಲಿಲ್ಲ. ಬಾಯಿ ಇತ್ತು ಈಗ.

"ಆಗ್ಯಾವ. ಒಯ್ರಿ" ಅಂದೆ.

ಸ್ವಲ್ಪ ಹೊತ್ತು ನಿಂತೆ. ಯಾರೂ ಏನೂ ಕೇಳಲಿಲ್ಲ. ಮಡಚಿಕೊಂಡು ಕೆಳಗೆ ಬಂದೆ.

ರಾತ್ರಿ ಊಟಕ್ಕೆ ಬಿಸಿ ರೊಟ್ಟಿ, ಹೀರೇಕಾಯಿ ಪಲ್ಯ, ಸಿಪ್ಪೆಯ ಚಟ್ನಿ ಅವರಿಬ್ಬರಿಗೆ, ನನಗೆ ಉಪ್ಪಿಲ್ಲದ್ದು. ಬಸಿದ ಅನ್ನ, ನೀರು ಮಜ್ಜಿಗೆ. ಮಗಳು ಇನ್ನೊಂದು ರೊಟ್ಟಿ ಬೇಡವೆಂದು ಹೇಳಿ ತಿಂದಳು. ಯಾರು ಮೊದಲು ಮಲಗಿದರು ಎಂಬುದು ನನಗೆ ಗೊತ್ತಾಗಲಿಲ್ಲ. ಇಷ್ಟು ದಿನ ಅದು ಗೊತ್ತಿಲ್ಲದೆ ಇದ್ದದ್ದೇ ಇಲ್ಲ, ಎಲ್ಲರೂ ಮಲಗಿದ ಮೇಲೆ ನಾನೊಬ್ಬಳೇ ಇರುತ್ತಿದ್ದೆನಲ್ಲ. ಬೆಳಿಗ್ಗೆ ಕೇಳಿಕೊಂಡು ಈ ಸಾಲು ಬರೆಯುತ್ತಿದ್ದೇನೆ.

"ನೀನ ಮೊದಲ ಮಲಗಿದಿ" ಅಂದರು ಇವರು. "ದೀಪ ಆರಿಸೂದ್ರಾಗ. ನಿನ್ನ ಕೈ ಒಂದ ಎಚ್ಚರಿತ್ತು, ಹಾಸಗಿ ಕೆರಕೊಂತ ಇತ್ತು. ನಾ ಹಿಡಕೊಂಡೆ. ಸ್ವಲ್ಪ ಹೊತ್ತಿಗೆ ಅದೂ ಮಲಗ್ತು."